ತಮಟೆ ಬೇಕು, ತಮಟೆಯವನು ಬೇಡವೇ?

ಒಥೆಲೋ ನಾಟಕಕ್ಕೆ ರಾಕ್ ಸಂಗೀತ ಹಾಕ್ತೀವಿ, ಶುರುವಿನಿಂದ ಕೊನೇವರೆಗೂ ಡ್ರಮ್ಮೇ ನಾಟಕ ನಡೆಸಬೇಕು ಅಂದ ಕೂಡಲೇ ಎರಡು ಥರದ ಜನ ಎದ್ದು ನಿಲ್ಲುತ್ತಾರೆ.

ಮೊದಲನೆಯವರು ಸಾಹಿತ್ಯದ ಮಡಿವಂತರು. ಶೇಕ್ಸ್‌ಪಿಯರನಿಗೆ ಡ್ರಮ್ಮು ಸೋಕಿದರೆ ಮೈಲಿಗೆ ಅನ್ನೋರು. ಎರಡನೆಯವರು ಹೊಸತನದ ನಿರ್ದೇಶಕರು. ಬಾರಿಸಿ, ಇನ್ನೂ ಜೋರಾಗಿ ಬಾರಿಸಿ, ಕಪ್ಪು ಮನುಷ್ಯನ ರಕ್ತ ಕುದಿಯೋದು ಕೇಳಬೇಕು ಅನ್ನೋರು. ಗೆಳೆಯರೇ, ಮೊದಲನೆಯವರ ಜೊತೆ ಜಗಳ ಸುಲಭ. ಎರಡನೆಯವರು ನಮ್ಮ ಹೆಗಲ ಮೇಲೆ ಕೈ ಹಾಕಿಕೊಂಡೇ ಬರ್ತಾರೆ. ಹಾಸ್ಟೆಲಿನ ಬಾಗಿಲು ತಟ್ಟಿ, "ನಿಮ್ಮಲ್ಲಿ ತಮಟೆ ಹೊಡೆಯೋರು ಯಾರಿದೀರಪ್ಪಾ?" ಅಂತ ಕೇಳ್ತಾರೆ. ಇವರಿಗೆ ಏನು ಉತ್ತರ ಕೊಡಬೇಕು ಅನ್ನೋದು ನಮಗೆ ಗೊತ್ತಿರಬೇಕು.

ಮಡಿವಂತರಿಗೆ ನಾಲ್ಕೇ ಮಾತು. ಸ್ವಾಮೀ, ನಿಮ್ಮ ಶೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ ಲಂಡನ್ ಊರೊಳಗೆ ಇರಲಿಲ್ಲ. ಥೇಮ್ಸ್ ನದಿ ದಾಟಿ, ನಗರದ ಯಜಮಾನರ ಅಧಿಕಾರ ನಡೆಯದ ಕಡೆ, ಕರಡಿ ಕಾಳಗದ ಕಣಗಳಿದ್ದ ನೆರೆಯಲ್ಲಿ ಇತ್ತು. ಒಂದು ಪೆನ್ನಿ ಕೊಟ್ಟು, ತಲೆಯ ಮೇಲೆ ಸೂರಿಲ್ಲದೆ ನಿಂತು ನೋಡುವ ಜನ ಅವನ ಪ್ರೇಕ್ಷಕರು. ಆ ರಂಗದ ಮೇಲೆ ಡೋಲು ಇತ್ತು, ಕಹಳೆ ಇತ್ತು, ಕುಡುಕರ ಹಾಡಿತ್ತು. 1604ರ ನವೆಂಬರ್ 1ರಂದು ಒಥೆಲೋ ಇಂಗ್ಲೆಂಡಿನ ಅರಮನೆಯಲ್ಲೂ ಆಡಿತು, ನಿಜ. ಅರಮನೆಗೆ ಹೋಗಿ ಬಂದ ಮಾತ್ರಕ್ಕೆ ನಾಟಕಕ್ಕೆ ಜನಿವಾರ ಬರಲಿಲ್ಲ. ಇನ್ನು ನೀವು ಕೂತ್ಕೊಳ್ಳಿ.

ಈಗ ಎರಡನೆಯವರ ವಿಚಾರಕ್ಕೆ ಬರೋಣ. ಅದಕ್ಕೆ ಮೊದಲು, ನಾಟಕ ಓದದ ಗೆಳೆಯರಿಗಾಗಿ ಕತೆ.

ವೆನಿಸ್ ಅನ್ನೋದು ವ್ಯಾಪಾರಿಗಳ ಪಟ್ಟಣ. ಅದರ ಸೇನಾಪತಿ ಒಥೆಲೋ, ಕಪ್ಪು ಮನುಷ್ಯ. ಒಂದು ಕಾಲದಲ್ಲಿ ಶತ್ರುವಿನ ಕೈಗೆ ಸಿಕ್ಕಿ ಗುಲಾಮನಾಗಿ ಮಾರಾಟವಾದವನು. ಬ್ರಬಾನ್ಷಿಯೋ ಅನ್ನೋ ದೊಡ್ಡ ಮನುಷ್ಯ ಅವನನ್ನು ಮನೆಗೆ ಕರೆದು ಕೂರಿಸಿಕೊಂಡು ಯುದ್ಧದ ಕತೆ ಹೇಳಿಸ್ತಾ ಇದ್ದ. ಮಗಳು ಡೆಸ್ಡಿಮೋನ ಅದೇ ಕತೆಗಳನ್ನು ಕೇಳಿ ಒಥೆಲೋನನ್ನು ಮೆಚ್ಚಿ ಮದುವೆಯಾದಳು. ಅಷ್ಟಕ್ಕೇ ಅಪ್ಪ ರಾತ್ರೋರಾತ್ರಿ ದೂರು ಒಯ್ದ: ಇವನು ನನ್ನ ಮಗಳಿಗೆ ಮಾಟ ಮಾಡಿದಾನೆ! ಆದರೆ ಅದೇ ರಾತ್ರಿ ತುರ್ಕರ ಹಡಗುಗಳು ಸೈಪ್ರಸ್ ದ್ವೀಪದ ಕಡೆ ಹೊರಟ ಸುದ್ದಿ ಬಂದಿತ್ತು. ಸೇನಾಪತಿ ಇಲ್ಲದೆ ನಡೆಯಲ್ಲ. ದೂರು ಬಿದ್ದುಹೋಯಿತು. ಸೈಪ್ರಸ್ಸಿನಲ್ಲಿ ಕೈಕೆಳಗಿನ ಅಧಿಕಾರಿ ಇಯಾಗೋ, ತನಗೆ ಸಿಗಬೇಕಾದ ಹುದ್ದೆ ಕ್ಯಾಸಿಯೋಗೆ ಹೋಯಿತು ಅನ್ನೋ ಹೊಟ್ಟೆಕಿಚ್ಚಿನಿಂದ, ಒಥೆಲೋನ ಕಿವಿಯಲ್ಲಿ ಹೆಂಡತಿಯ ಬಗ್ಗೆ ವಿಷ ಹಾಕಿದ. ಒಂದು ಕರವಸ್ತ್ರ ಸಾಕ್ಷಿಯಾಯಿತು. ಒಥೆಲೋ ಹೆಂಡತಿಯನ್ನು ಕೊಂದ. ಇಯಾಗೋನ ಹೆಂಡತಿ ಎಮಿಲಿಯ ನಿಜ ಹೊರಗೆಡವಿದಳು, ಗಂಡನ ಕತ್ತಿಗೆ ಬಲಿಯಾದಳು. ಒಥೆಲೋ ತನ್ನನ್ನು ತಾನೇ ಇರಿದುಕೊಂಡ.

ವೆನಿಸಿನ ನ್ಯಾಯ ಏನು ಅಂತ ಕಂಡಿತಾ? ಗಡಿ ಕಾಯೋಕೆ ನೀನು ಬೇಕು. ಕತೆ ಹೇಳೋಕೆ ನೀನು ಬೇಕು. ಮನೆ ಮಗನಾಗೋಕೆ ಬೇಡ. ಈ ನ್ಯಾಯ ನಮಗೇನು ಹೊಸದೇ? ಇಂಗ್ಲಿಷ್ ಬರದವನಿಗೂ ಇದು ಅರ್ಥವಾಗುತ್ತೆ.

ಇನ್ನು ಈ ನಾಟಕದೊಳಗೆ ಸಂಗೀತ ಎಲ್ಲೆಲ್ಲಿದೆ ನೋಡಿ. ಡ್ರಮ್ಮು ಕಟ್ಟೋರು ಮೊದಲು ನೋಡಬೇಕಾದ್ದು ಇದನ್ನೇ, ನೋಡದೇ ಇರೋದೂ ಇದನ್ನೇ. ನಾಟಕದಲ್ಲಿ ಹಾಡೋನು ಇಯಾಗೋ. ಕಾವಲಿನ ರಾತ್ರಿ ಎರಡು ಹಾಡು ಹಾಡಿ, ಎಲ್ಲರನ್ನೂ ಕುಣಿಸಿ, ಕ್ಯಾಸಿಯೋಗೆ ಹೆಂಡ ಕುಡಿಸಿ ಅವನ ಕೆಲಸ ಕಳೀತಾನೆ. ಹಾಡೋಳು ಡೆಸ್ಡಿಮೋನ. ಸಾಯುವ ರಾತ್ರಿ ಅವಳ ಬಾಯಿಗೆ ಬರೋದು ಅವಳ ತಾಯಿಯ ಮನೆಗೆಲಸದವಳು ಹಾಡ್ತಿದ್ದ ಹಾಡು. ಆ ಕೆಲಸದವಳ ಹೆಸರು ಬಾರ್ಬರಿ. ಆಫ್ರಿಕದ ಉತ್ತರ ಕರಾವಳಿಯನ್ನು ಯುರೋಪಿನವರು ಕರೀತಿದ್ದದ್ದೂ ಬಾರ್ಬರಿ ಅಂತಲೇ. ಒಥೆಲೋ? ಅವನು ಒಂದು ಸಾಲೂ ಹಾಡಲ್ಲ. ಕ್ಯಾಸಿಯೋ ವಾದ್ಯದವರನ್ನು ಕರೆಸಿದರೆ, ಸೇನಾಪತಿಗೆ ಸಂಗೀತ ಅಷ್ಟು ಸೇರಲ್ಲ ಅಂತ ವಿದೂಷಕ ಅವರನ್ನು ಸಾಗಹಾಕ್ತಾನೆ. ಒಥೆಲೋನ ಬಾಯಲ್ಲಿ ಡೋಲಿನ ಮಾತು ಬರೋದು, ಮನಸ್ಸು ಮುರಿದು, ತನ್ನ ಯುದ್ಧದ ಬದುಕಿಗೆಲ್ಲ ವಿದಾಯ ಹೇಳುವಾಗ. ಡೋಲು ಅವನ ದುಡಿಮೆ. ವೆನಿಸಿಗಾಗಿ ಮಾಡಿದ ದುಡಿಮೆ. ಅದು ಹೋಯಿತು ಅಂದರೆ ವೆನಿಸಿನಲ್ಲಿ ಅವನಿಗೆ ನಿಲ್ಲೋಕೆ ನೆಲ ಇಲ್ಲ.

ಇಷ್ಟು ತಿಳಿಯದೆ, "ಕಪ್ಪು ಮನುಷ್ಯ, ಆದ್ದರಿಂದ ಡ್ರಮ್ಮು" ಅಂತ ಲೆಕ್ಕ ಹಾಕೋನು ಏನು ಮಾಡ್ತಿದಾನೆ? ಬಿಳಿಯ ನಟರು ನೂರಾರು ವರ್ಷ ಮುಖಕ್ಕೆ ಮಸಿ ಬಳ್ಕೊಂಡು ಒಥೆಲೋ ಆಡಿದರು. 1833ರಲ್ಲಿ ಐರಾ ಆಲ್ಡ್ರಿಜ್ ಅನ್ನೋ ನಿಜವಾದ ಕಪ್ಪು ನಟ ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಆ ಪಾತ್ರಕ್ಕೆ ನಿಂತಾಗ ಪತ್ರಿಕೆಗಳು ಮೈಮೇಲೆ ಬಿದ್ದವು, ಎರಡೇ ರಾತ್ರಿಗೆ ಅವನ ಆಟ ನಿಂತಿತು. 1844ರಲ್ಲಿ ಅಮೆರಿಕದಲ್ಲಿ ಟಿ.ಡಿ. ರೈಸ್ ಅನ್ನೋ ಬಿಳಿಯ ಇದೇ ನಾಟಕವನ್ನು ಹಾಡು ಕುಣಿತದ ನಗೆನಾಟಕ ಮಾಡಿ, ಮಸಿ ಬಳ್ಕೊಂಡು ಆಡಿದ. ಅವನು ಮೊದಲೇ ಕುಣಿದು ಹೆಸರು ಮಾಡಿದ್ದ ಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕರಿಯರನ್ನು ಬೇರೆ ಕೂರಿಸಿದ ಕಾನೂನುಗಳಿಗೆಲ್ಲ ಅದೇ ಹೆಸರು ಅಂಟಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಈ ಮಸಿ ಬಿಟ್ಟಿದ್ದು 2015ರಲ್ಲಿ. ಈಗ ಮುಖದ ಮಸಿ ನಾಚಿಕೆಗೇಡು ಅಂತ ಎಲ್ಲರೂ ಒಪ್ತಾರೆ. ಅದೇ ಮಸಿ ಈಗ ಕಿವಿಗೆ ಬಂದಿದೆ. ಒಥೆಲೋ ಮೂರ್ಛೆ ಬಿದ್ದಾಗ ಧಡಬಡ ಧಡಬಡ ಡ್ರಮ್ಮು. ಕತ್ತು ಹಿಸುಕುವಾಗ ಡ್ರಮ್ಮು. ಅರ್ಥ ಏನು? ಅಂಗಿ ತೊಟ್ಟಿದ್ದರೂ ಒಳಗಿರೋದು ಕಾಡಿನವನೇ ಅಂತ ತಾನೆ? ಇಯಾಗೋ ಹೇಳಿದ್ದೂ ಅದನ್ನೇ. ನಾಟಕದ ಖಳನಾಯಕನ ಮಾತನ್ನು ನಿರ್ದೇಶಕ ಡ್ರಮ್ಮಿನಲ್ಲಿ ಬಾರಿಸ್ತಾನೆ!

ಆ ಡ್ರಮ್ಮಿಗೆ ಒಂದು ಚರಿತ್ರೆ ಇದೆ. ಹೇಳ್ತೀನಿ ಕೇಳಿ. 1739ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ, ಸ್ಟೋನೋ ನದಿಯ ಹತ್ತಿರ, ಕಪ್ಪು ಗುಲಾಮರು ದಂಗೆ ಎದ್ದರು. ಡೋಲು ಬಾರಿಸ್ತಾ, ಬಾವುಟ ಹಿಡಿದು ನಡೆದರು. ದಂಗೆಯನ್ನು ರಕ್ತದಲ್ಲಿ ಮುಳುಗಿಸಿದ ಮೇಲೆ 1740ರಲ್ಲಿ ಯಜಮಾನರು ಕಾನೂನು ಮಾಡಿದರು: ಗುಲಾಮರು ಡೋಲು, ಕೊಂಬು ಇಟ್ಕೊಳ್ಳೋ ಹಾಗಿಲ್ಲ. ಡೋಲಿನ ಮಾತು ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುತ್ತೆ, ಜನರನ್ನು ಎಬ್ಬಿಸುತ್ತೆ ಅನ್ನೋ ಭಯ. ಡೋಲು ಕಿತ್ಕೊಂಡರು. ಮೈಯನ್ನು ಕಿತ್ಕೊಳ್ಳೋಕಾಗುತ್ತಾ? ತೊಡೆ ತಟ್ಟಿದರು, ಎದೆ ತಟ್ಟಿದರು, ಅಂಗೈ ಬಡಿದರು, ನೆಲಕ್ಕೆ ಹಿಮ್ಮಡಿ ಕುಟ್ಟಿದರು. ಮೈಯೇ ಡೋಲಾಯಿತು. ಆ ತಟ್ಟಿನ ತಾಳಕ್ಕೆ ಹ್ಯಾಂಬೋನ್ ಅನ್ನೋ ಹೆಸರಿದೆ. 1955ರಲ್ಲಿ ಬೋ ಡಿಡ್ಲಿ ಅನ್ನೋ ಕಪ್ಪು ಗಾಯಕ ಗಿಟಾರಿನಲ್ಲಿ ಬಾರಿಸಿದ ತಾಳ ಅದರ ಮೊಮ್ಮಗ. ರಾಕ್ ಸಂಗೀತದ ಬೇರು ಇಂಥ ಕಡೆ ಇದೆ. ಗುಲಾಮನ ಎದೆಗೂಡಿನಿಂದ ಬಂದ ತಾಳ ಅದು.

ಈಗ ರಾಕ್ ಒಥೆಲೋ. ಇದು ಕಲ್ಪನೆಯಲ್ಲ, ನಡೆದದ್ದು. ಇಂಗ್ಲೆಂಡಿನ ಜ್ಯಾಕ್ ಗುಡ್ ಅನ್ನೋ ಬಿಳಿಯ, ಟೆಲಿವಿಷನ್ನಿನಲ್ಲಿ ರಾಕ್ ಕಾರ್ಯಕ್ರಮ ಮಾಡಿ ಹೆಸರಾದವನು, 1968ರಲ್ಲಿ ಲಾಸ್ ಏಂಜಲೀಸಿನಲ್ಲಿ ಕ್ಯಾಚ್ ಮೈ ಸೋಲ್ ಅಂತ ಇದನ್ನು ಆಡಿಸಿದ. ಒಥೆಲೋ ಆಗಿ ವಿಲಿಯಂ ಮಾರ್ಷಲ್ ಅನ್ನೋ ಕಪ್ಪು ನಟ. ಇಯಾಗೋ ಆಗಿ ರಾಕ್ ಪಿಯಾನೋದ ಜೆರ್ರಿ ಲೀ ಲೂಯಿಸ್. ಈ ಲೂಯಿಸ್ ಹುಡುಗನಾಗಿದ್ದಾಗ ತನ್ನೂರು ಫೆರಿಡೇಯಲ್ಲಿ ಕರಿಯರ ಕುಣಿತದ ಮನೆಗೆ ಕದ್ದು ನುಗ್ಗಿ ಅವರ ಸಂಗೀತ ಕೇಳಿ ಬೆಳೆದವನು. ಅಂದರೆ ರಂಗದ ಮೇಲೆ ನಡೆದದ್ದೇನು? ಕರಿಯರಿಂದ ಕಲಿತ ತಾಳ ಹಿಡಿದು ಬಿಳಿಯ ಇಯಾಗೋ, ಕಪ್ಪು ಒಥೆಲೋನನ್ನು ಬೀಳಿಸ್ತಾನೆ. ಇದಕ್ಕಿಂತ ನಿಜವಾದ ಒಥೆಲೋ ಬೇಕೇ? ಇದನ್ನು ಬೆಳೆಸಿದ್ದರೆ ದೊಡ್ಡ ನಾಟಕವಾಗ್ತಿತ್ತು. ಆದರೆ ಮಾಡಿದ್ದೇನು? 1970ರಲ್ಲಿ ಲಂಡನ್ನಿಗೆ ತಂದಾಗ ಒಥೆಲೋನ ಪಾತ್ರಕ್ಕೆ ಜ್ಯಾಕ್ ಗುಡ್ಡೇ ನಿಂತ. ತಾಳವೂ ಅವರ ಕೈಲಿ, ಪಾತ್ರವೂ ಅವರ ಕೈಲಿ. 1974ರ ಸಿನಿಮಾದಲ್ಲಿ ರಿಚಿ ಹೇವನ್ಸ್ ಅನ್ನೋ ಕಪ್ಪು ಹಾಡುಗಾರ ಒಥೆಲೋ ಆದ. ಅಷ್ಟು ಹೊತ್ತಿಗೆ ಕತೆ ಮರುಭೂಮಿಯ ಧರ್ಮಬೋಧಕನದಾಗಿತ್ತು. ವೆನಿಸೂ ಇಲ್ಲ, ವೆನಿಸಿನ ನ್ಯಾಯವೂ ಇಲ್ಲ.

ಇದೇ ನಾಟಕವನ್ನು ಬೇರೆ ಥರ ಹಿಡಿದವರೂ ಇದಾರೆ. 1943ರಲ್ಲಿ ಪಾಲ್ ರೋಬ್ಸನ್ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಒಥೆಲೋ ಆದ. 296 ಪ್ರದರ್ಶನ. ಆಮೇಲೆ ಊರೂರು ತಿರುಗುವಾಗ ಒಂದು ಷರತ್ತು ಹಾಕಿದ: ಕರಿಯರನ್ನು ಬೇರೆ ಕೂರಿಸೋ ನಾಟಕಶಾಲೆಯಲ್ಲಿ ನಾನು ಆಡಲ್ಲ. ಆಡಲ್ಲ ಅನ್ನೋ ಮಾತನ್ನು ನೆನಪಿಟ್ಕೊಳ್ಳಿ, ಮತ್ತೆ ಬರ್ತೀನಿ. 1987ರಲ್ಲಿ ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ, ಜೊಹಾನ್ಸ್‌ಬರ್ಗಿನ ಮಾರ್ಕೆಟ್ ಥಿಯೇಟರಿನಲ್ಲಿ, ಜಾನೆಟ್ ಸುಜ್ಮನ್ ನಿರ್ದೇಶನದಲ್ಲಿ ಜಾನ್ ಕಾನಿ ಒಥೆಲೋ ಆದ. ಕಪ್ಪು ಗಂಡು ಬಿಳಿ ಹೆಣ್ಣು ರಂಗದ ಮೇಲೆ ಮುತ್ತಿಟ್ಟರೆ ಸರ್ಕಾರವೇ ನಡುಗುವ ಕಾಲ ಅದು. 2011ರಲ್ಲಿ ಟೋನಿ ಮಾರಿಸನ್ ಬರೆದ ಡೆಸ್ಡಿಮೋನದಲ್ಲಿ ಆ ಮನೆಗೆಲಸದ ಬಾರ್ಬರಿಯೇ ಎದ್ದು ಬಂದಳು. ಮಾಲಿ ದೇಶದ ರೊಕಿಯಾ ಟ್ರಾವೊರೆ ಅವಳಾಗಿ ಹಾಡಿದಳು. ನನ್ನ ಹೆಸರು ಬಾರ್ಬರಿ ಅಲ್ಲವೇ ಅಲ್ಲ ಅಂತ ಒಡತಿಗೆ ಮುಖಕ್ಕೆ ಹೇಳ್ತಾಳೆ ಅವಳು. 2012ರಲ್ಲಿ ಶಿಕಾಗೋದ ಕ್ಯೂ ಬ್ರದರ್ಸ್ ಇಡೀ ಒಥೆಲೋವನ್ನು ರ್‍ಯಾಪ್ ತಾಳಕ್ಕೆ ಕೂರಿಸಿ ಆಡಿದರು, ಜೈಲಿನ ಕೈದಿಗಳ ಮುಂದೂ ಆಡಿದರು. ಅದರಲ್ಲಿ ಡೆಸ್ಡಿಮೋನ ಬರೀ ದನಿ, ರಂಗಕ್ಕೆ ಬರೋದೇ ಇಲ್ಲ. ಕೊಲೆಯಾಗೋ ಹೆಣ್ಣನ್ನೇ ಕಾಣದ ಹಾಗೆ ಮಾಡಿದ್ದರ ಬಗ್ಗೆ ನನ್ನ ತಕರಾರಿದೆ. ಆದರೂ ತಾಳ ಅಲ್ಲಿ ಅಲಂಕಾರವಾಗಿರಲಿಲ್ಲ, ಮಾತೇ ಆಗಿತ್ತು.

ನಮ್ಮ ನೆರೆಯ ಕೇರಳದಲ್ಲಿ 1997ರಲ್ಲಿ ಜಯರಾಜ್ ತೆಗೆದ ಕಳಿಯಾಟ್ಟಂ ಸಿನಿಮಾದಲ್ಲಿ ಒಥೆಲೋ ಒಬ್ಬ ತೆಯ್ಯಂ ಕಟ್ಟುವ ಕೆಳಜಾತಿಯವನು, ಹೆಂಡತಿ ಊರ ಯಜಮಾನನ ಮಗಳು. ಚೆಂಡೆ ಬಾರಿಸ್ತಾ ಇರೋವರೆಗೂ ಅವನು ದೇವರು. ಮೇಲ್ಜಾತಿಯವನೂ ಕೈ ಮುಗೀತಾನೆ. ಬಣ್ಣ ತೊಳೆದ ಕೂಡಲೇ ಮತ್ತೆ ಅವನ ಜಾಗ ಅವನಿಗೆ. ವೆನಿಸಿನ ನ್ಯಾಯ ಅಂದೆನಲ್ಲ, ಅದರ ಮಲಯಾಳಂ ಅನುವಾದ ಇದು. ಚೆಂಡೆಯ ಸದ್ದು ಅಲ್ಲಿ ಯಾಕಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಈಗ ನಮ್ಮ ತಮಟೆ. ಅಮೆರಿಕದಲ್ಲಿ ಡೋಲು ಕಿತ್ಕೊಂಡರು. ಇಲ್ಲಿ ಡೋಲು ಹೊರಿಸಿದರು. ಸತ್ತರೆ ಹೊಡಿ, ಜಾತ್ರೆಗೆ ಹೊಡಿ, ಡಂಗುರಕ್ಕೆ ಹೊಡಿ. ಹೊಡೆದ ಮೇಲೆ ದೂರ ನಿಲ್ಲು. ಬೆಂಕಿಗೆ ಹಿಡಿದು ಚರ್ಮ ಕಾಯಿಸೋದು ಅಪ್ಪನ ಕೈ, ತಾಳಕ್ಕೆ ತಲೆದೂಗೋದು ಊರ ಗೌಡನ ತಲೆ, ಅನ್ನ ಬೀಳೋದು ಅಂಗಳದಾಚೆ. ಅದಕ್ಕೇ ಎಷ್ಟೋ ಊರುಗಳಲ್ಲಿ ನಮ್ಮವರು ತಮಟೆ ಹೊಡೆಯಲ್ಲ ಅಂದರು. ಅದಕ್ಕಾಗಿ ಏಟು ತಿಂದರು, ಬಹಿಷ್ಕಾರ ಉಂಡರು. ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ತಂದು ಕ್ರಾಂತಿಗೀತೆಗೆ ಬಡಿದವರೂ ನಮ್ಮವರೇ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ಸಂತೋಷ. ಡೆಲ್ಲಿಯಲ್ಲಿ ತಮಟೆಗೆ ಮಾನ ಬಂದಿದೆ. ಊರ ಬೀದಿಯಲ್ಲಿ ತಮಟೆಯವನಿಗೆ ಬಂದಿದೆಯಾ ಅಂತ ನಿಮ್ಮ ನಿಮ್ಮ ಊರನ್ನು ನೀವೇ ಕೇಳ್ಕೊಳ್ಳಿ.

ನಾನು ಬಿ.ಎ. ಓದುವಾಗ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಇತ್ತು. ಹಾಸ್ಟೆಲಿನಿಂದ ನಾಲ್ಕು ಜನ ಹೋದೆವು. ಮಾತಿನ ಪಾತ್ರವೆಲ್ಲ ಮುಂಚೆಯೇ ಹಂಚಿಹೋಗಿತ್ತು. ಮೇಷ್ಟ್ರು ನಮ್ಮನ್ನು ನೋಡಿ ಬಹಳ ಪ್ರೀತಿಯಿಂದ, "ನಿಮ್ಮ ರಕ್ತದಲ್ಲೇ ತಾಳ ಇದೆ ಕಣ್ರಯ್ಯಾ" ಅಂದರು. ನಮ್ಮಲ್ಲಿ ಒಬ್ಬನ ಅಪ್ಪ ಪೋಸ್ಟ್‌ಮ್ಯಾನ್. ಅವನು ಹುಟ್ಟಿದಾಗಿನಿಂದ ತಮಟೆ ಮುಟ್ಟಿದವನಲ್ಲ. ಅವನಿಗೂ ತಮಟೆ ಕೊಟ್ಟು ಪರದೆ ಹಿಂದೆ ನಿಲ್ಲಿಸಿದರು. ನಾಟಕಕ್ಕೆ ಬಹುಮಾನ ಬಂತು. ಫೋಟೋದಲ್ಲಿ ನಾವಿಲ್ಲ.

ಪ್ರೀತಿಯಿಂದ ಆಡಿದ ಮಾತೇ ಅದು, ಒಪ್ತೀನಿ. ಬ್ರಬಾನ್ಷಿಯೋ ಕೂಡ ಪ್ರೀತಿಯಿಂದಲೇ ಒಥೆಲೋನನ್ನು ಮನೆಗೆ ಕರೀತಿದ್ದ.

ನಮ್ಮಲ್ಲೇ ಕೆಲವು ಗೆಳೆಯರು ಹೇಳ್ತಾರೆ: ಹಾಗಾದರೆ ತಮಟೆಯ ಸಹವಾಸವೇ ಬೇಡ, ನಾವು ಓದಿದವರು, ಗಿಟಾರ್ ಹಿಡಿಯೋಣ. ಹಿಡೀರಿ, ಯಾರು ಬೇಡ ಅಂದರು? ಇನ್ನು ಕೆಲವರು, ತಮಟೆ ನಮ್ಮ ಆಸ್ತಿ, ಬಿಟ್ಟರೆ ದ್ರೋಹ ಅಂತಾರೆ. ನನ್ನ ಮಾತು ಇಷ್ಟೆ. ಹೊಡೆಯಲ್ಲ ಅನ್ನೋ ಹಕ್ಕು ಮೊದಲು. ಹೊಡೀತೀನಿ ಅನ್ನೋದು ಆಮೇಲೆ. ಕೆಳಗಿಡುವ ಸ್ವಾತಂತ್ರ್ಯ ಇರುವ ಕೈಯಲ್ಲಿ ಮಾತ್ರ ತಮಟೆ ಕಲೆಯಾಗುತ್ತೆ. ಆ ಸ್ವಾತಂತ್ರ್ಯ ಇಲ್ಲದ ಕೈಯಲ್ಲಿ ಅದು ಬಿಟ್ಟಿ ಚಾಕರಿ, ಸುತ್ತ ಎಷ್ಟೇ ಬಣ್ಣದ ದೀಪ ಹಾಕಿದರೂ. ರೋಬ್ಸನ್ ಆಡಲ್ಲ ಅಂದದ್ದು ಇದಕ್ಕೇ. ಅವನ ಒಥೆಲೋಗೆ ತೂಕ ಬಂದದ್ದೂ ಇದರಿಂದಲೇ.

ಆದ್ದರಿಂದ ರಾಕ್ ಒಥೆಲೋ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ನಾವೇ ಮಾಡಬೇಕು. ಹೀಗೆ ಮಾಡಬೇಕು:

ಒಂದು. ಡ್ರಮ್ಮನ್ನು ಮೊದಲು ಇಯಾಗೋನ ಕೈಗೆ ಕೊಡಿ. ರಾಕ್ ತಾಳದ ಗುಣ ಏನು? ಎರಡನೇ ಪೆಟ್ಟಿಗೂ ನಾಲ್ಕನೇ ಪೆಟ್ಟಿಗೂ ಕೇಳುವವನ ಕೈ ತಾನಾಗೇ ಚಪ್ಪಾಳೆ ಹೊಡೆಯುತ್ತೆ. ಕಾವಲಿನ ರಾತ್ರಿಯ ಹಾಡಿನಲ್ಲಿ ಇಡೀ ಸಭೆ ಇಯಾಗೋ ಜೊತೆ ಚಪ್ಪಾಳೆ ಹೊಡೀಲಿ, ಶಿಳ್ಳೆ ಹಾಕಲಿ. ಅದೇ ತಾಳವನ್ನು ಅವನು ಆಮೇಲೆ ಒಥೆಲೋನ ಕಿವಿಯ ಹತ್ತಿರ ಮೆಲ್ಲಗೆ, ಬೆರಳ ತುದಿಯಲ್ಲಿ ಬಾರಿಸಲಿ. ತಾವು ಯಾವುದಕ್ಕೆ ಚಪ್ಪಾಳೆ ಹೊಡೆದೆವು ಅಂತ ಜನಕ್ಕೆ ಆಗ ತಿಳೀಬೇಕು. ಸುಳ್ಳು ಸುದ್ದಿ ಊರಲ್ಲಿ ಹಬ್ಬೋದು ಹೀಗೇ ಅಲ್ಲವಾ, ತಾಳದ ಮೇಲೆ?

ಎರಡು. ಒಥೆಲೋನ ಡೋಲು ಬೇರೆ ಇರಲಿ. ಅದು ಯುದ್ಧದ ಡೋಲು, ಅವನ ಕೂಲಿಯ ಡೋಲು. ಅವನು ವಿದಾಯ ಹೇಳಿದ ಗಳಿಗೆಯಲ್ಲಿ ಅದು ನಿಲ್ಲಲಿ, ಮತ್ತೆ ಕೇಳಿಸದಿರಲಿ. ಮೂರ್ಛೆಯ ದೃಶ್ಯದಲ್ಲಿ ಒಂದು ಪೆಟ್ಟೂ ಬೇಡ. ಮೌನ. ಬಿದ್ದ ಮನುಷ್ಯನ ಉಸಿರು ಕೇಳಲಿ, ಸಾಕು.

ಮೂರು. ಕೊಲೆಗೆ ತಾಳ ಬೇಡ. ಇದನ್ನು ಗಟ್ಟಿಯಾಗಿ ಹೇಳ್ತೀನಿ. ಒಥೆಲೋ ನಮ್ಮಂಥವನು ಅಂತ ನಮಗೆ ಅವನ ಮೇಲೆ ಕರುಳು ಚುರುಕ್ ಅನ್ನುತ್ತೆ. ಅನ್ನಲಿ. ಆದರೆ ಅವನು ಹೆಂಡತಿಯ ಕತ್ತು ಹಿಸುಕಿದವನು. ವೆನಿಸ್ ಅವನಿಗೆ ಮಾಡಿದ್ದು ಅನ್ಯಾಯ. ಅವನು ಡೆಸ್ಡಿಮೋನಳಿಗೆ ಮಾಡಿದ್ದೂ ಅನ್ಯಾಯ. ಒಂದರಿಂದ ಇನ್ನೊಂದು ತೊಳೆದುಹೋಗಲ್ಲ. ಹೊರಗೆ ತಿಂದ ಅವಮಾನವನ್ನು ಮನೆಯ ಹೆಣ್ಣಿನ ಮೇಲೆ ಇಳಿಸೋದು ನಮ್ಮ ಕೇರಿಯಲ್ಲೂ ಇದೆ. ಅದಕ್ಕೆ ಡ್ರಮ್ಮು ಹೊಡೆದು ರೋಮಾಂಚನ ಮಾಡೋನು ನಮ್ಮ ಗೆಳೆಯನಲ್ಲ. ಕೊನೆಯ ಅಂಕದ ತಾಳ ಹೆಂಗಸರದಾಗಲಿ. ಬಾರ್ಬರಿಯ ಹಾಡಿಗೆ ಡೆಸ್ಡಿಮೋನಳ ಅಂಗೈ. ಸುಮ್ಮನಿರು ಅಂತ ಗಂಡ ಗದರಿಸಿದಾಗ ಎಮಿಲಿಯ ತನ್ನ ಎದೆಯನ್ನೇ ತಟ್ಟಿ ನಿಜ ಹೇಳಲಿ. ಡೋಲು ಕಿತ್ಕೊಂಡ ಮೇಲೆ ಮೈಯಿಂದ ಹುಟ್ಟಿದ ತಾಳ ಅದು. ಅದರ ಜಾಗ ಅಲ್ಲಿದೆ.

ನಾಲ್ಕು. ಬಾರಿಸೋರು ಪರದೆ ಹಿಂದೆ ಇರಕೂಡದು. ರಂಗದ ಮೇಲೆ, ಬೆಳಕಿನಲ್ಲಿ, ಎದುರಿಗೆ ಇರಲಿ. ಅವರಿಗೆ ಮಾತಿರಲಿ. ಕರಪತ್ರದಲ್ಲಿ ಹೆಸರಿರಲಿ. ಟಿಕೆಟ್ಟಿನ ದುಡ್ಡಿನಲ್ಲಿ ಪಾಲಿರಲಿ. ತಮಟೆ ಹೊಡೆಯೋ ಹುಡುಗ ಒಥೆಲೋನ ಪಾತ್ರ ಕೇಳಿದರೆ, ಇಯಾಗೋನ ಪಾತ್ರ ಕೇಳಿದರೆ, ಬಾಗಿಲು ತೆರೆದಿರಲಿ. ಡೆಸ್ಡಿಮೋನಳ ಪಾತ್ರ ನಮ್ಮ ಹಾಸ್ಟೆಲಿನ ಹುಡುಗಿ ಕೇಳಿದರೆ "ಬಣ್ಣ ಹೊಂದಲ್ಲ" ಅನ್ನೋ ನಾಲಿಗೆ ಅಲ್ಲೇ ಬಿದ್ದುಹೋಗಲಿ.

ಇಷ್ಟಕ್ಕೆ ಒಪ್ಪದ ನಿರ್ದೇಶಕ ಮುಂದಿನ ಸಲ ಹಾಸ್ಟೆಲಿಗೆ ಬಂದು ತಮಟೆಯವರು ಯಾರು ಅಂತ ಕೇಳಿದರೆ, ಗೆಳೆಯರೇ, ಜಗಳ ಬೇಡ. ಕೂರಿಸಿ, ಮೆಸ್ಸಿನ ಟೀ ಕೊಡಿ. ಆಮೇಲೆ ಕೇಳಿ: ಸಾರ್, ನಾಟಕದಲ್ಲಿ ನಮಗೆ ಮಾತು ಎಷ್ಟಿದೆ? ಉತ್ತರ ಬರೋವರೆಗೂ ಯಾರೂ ಕಡ್ಡಿ ಮುಟ್ಟಬೇಡಿ.